ಬರಡು ನೆಲದ ಕನಸು, ಬಿಟ್ಟುಕೊಡುವ ಮನಸ್ಸು

ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಿ, ನೋಡಿದ ಮೇಲೂ ಬಹುಕಾಲ ಮನಸ್ಸಿನಲ್ಲಿ ಉಳಿಸಿಕೊಂಡ ಕನ್ನಡ ಚಲನಚಿತ್ರ ಯಾವುದೆಂದು ಹಿರಿಯರನ್ನು ಕೇಳಿದರೆ, ಬಹುಮಂದಿ ಮೊದಲು ಹೇಳುವ ಹೆಸರು ‘ಬಂಗಾರದ ಮನುಷ್ಯ’. ಟಿ. ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ಈ ಚಿತ್ರ 1972ರಲ್ಲಿ ತೆರೆಕಂಡಿತು. ಅಧ್ಯಾತ್ಮ ವಿಚಾರಗಳಿಗೆ ಮೀಸಲಾದ ಪುಟದಲ್ಲಿ ಸಿನಿಮಾದ ಮಾತೇಕೆ ಎಂದು ಸದ್ಭಕ್ತರು ಕೇಳಬಹುದು. ಶರಣರು ಬದುಕಿನಿಂದ ಬೇರೆಯಾದ ಧರ್ಮವನ್ನು ಬೋಧಿಸಲಿಲ್ಲ. ಕಾಯಕ ಮತ್ತು ದಾಸೋಹಗಳ ತತ್ತ್ವವನ್ನು ಒಂದು ಸಾಮಾನ್ಯ ಸಂಸಾರದ ಕಥೆಯಲ್ಲಿ ಜನರ ಮುಂದಿಟ್ಟ ಕೃತಿಯನ್ನು ಆ ತತ್ತ್ವದ ಬೆಳಕಿನಲ್ಲಿ ನೋಡುವುದು ಅನುಚಿತವಾಗದು.

ಕಥೆ ಬಲ್ಲವರಿಗೆ ವಿಸ್ತಾರ ಬೇಡ. ಡಾ. ರಾಜ್‌ಕುಮಾರ್ ನಿರ್ವಹಿಸಿದ ರಾಜೀವನೆಂಬ ಯುವಕ ಅಕ್ಕನ ಊರಿಗೆ ಬರುತ್ತಾನೆ. ಭಾವ ತೀರಿಕೊಂಡಿದ್ದಾನೆ, ಅಕ್ಕನ ಸಂಸಾರ ನಡುನೀರಿನಲ್ಲಿದೆ. ರಾಜೀವ ಪಟ್ಟಣದ ದಾರಿಯನ್ನು ಬಿಟ್ಟು ಅಲ್ಲಿಯೇ ನಿಲ್ಲುತ್ತಾನೆ. ಯಾರೂ ಬೇಡವೆಂದು ಬಿಟ್ಟಿದ್ದ ಕಲ್ಲುನೆಲವನ್ನು ಹಸನು ಮಾಡಿ ಬೆಳೆ ತೆಗೆಯುತ್ತೇನೆ ಎನ್ನುತ್ತಾನೆ. ಊರು ನಗುತ್ತದೆ. ಅವನ ಬೆನ್ನಿಗೆ ನಿಂತವನು ಹಿರಿಯ ರಾಚೂಟಪ್ಪ. ನಮ್ಮ ಮನೆಗಳಲ್ಲಿ ಕೇಳಿಬರುವ ಈ ಹೆಸರಿನ ಪಾತ್ರಕ್ಕೆ ಬಾಲಕೃಷ್ಣ ಅವರು ಜೀವ ತುಂಬಿದ್ದರು. ಕಡೆಗೆ ಬರಡು ನೆಲ ಹಸಿರಾಗುತ್ತದೆ.

ಈ ಚಿತ್ರದ ಒಂದು ಗೀತೆ ಬೆಳಗೊಳದ ಸುತ್ತಿನ ಜನರಿಗೆ ವಿಶೇಷ ಆಪ್ತವಾದದ್ದು. ಆಗದು ಎಂದು ಕೈಕಟ್ಟಿ ಕೂರುವವರನ್ನು ಎಚ್ಚರಿಸುವ ಆ ಗೀತೆಯಲ್ಲಿ ವಿಶ್ವೇಶ್ವರಯ್ಯನವರ ಹೆಸರಿದೆ, ಕನ್ನಂಬಾಡಿ ಕಟ್ಟೆಯ ಹೆಸರಿದೆ. ಕಟ್ಟೆ ಇರುವುದು ಬೆಳಗೊಳದ ಮಗ್ಗುಲಲ್ಲಿಯೇ. ರಾಜೀವನ ಕಥೆ ಕಲ್ಪಿತ. ಅವನಿಗೆ ಮಾದರಿಯಾದ ಕನಸು ನಮ್ಮ ಕಣ್ಣೆದುರಿಗೆ ಕಲ್ಲು ಗಾರೆಗಳಲ್ಲಿ ನಿಂತಿದೆ.

ಆ ಕನಸನ್ನೂ ಅಸಾಧ್ಯವೆಂದು ಕಂಡವರು ಕಡಿಮೆಯಿರಲಿಲ್ಲ. 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರರಾಗಿ ಬಂದ ವಿಶ್ವೇಶ್ವರಯ್ಯನವರು ಕಾವೇರಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟೆಯ ಯೋಜನೆಯನ್ನು ಮುಂದಿಟ್ಟಾಗ, ಅಷ್ಟು ಹಣವನ್ನು ನೀರಿಗೆ ಹಾಕಬೇಕೇ ಎಂಬ ಶಂಕೆ ಸಂಸ್ಥಾನದೊಳಗೇ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿಗೆಯಿತ್ತರು. 1911ರಲ್ಲಿ ಕೆಲಸ ಮೊದಲಾಯಿತು. ಮದರಾಸು ಸರ್ಕಾರ 80 ಅಡಿ ಎತ್ತರಕ್ಕೆ ಮಾತ್ರ ಸಮ್ಮತಿಸಿತು. ಆದರೂ ಬುನಾದಿಯನ್ನು ಪೂರ್ಣ ಎತ್ತರದ ಅಳತೆಗೇ ಹಾಕಲಾಯಿತು. ಆ ಬಗೆಯ ವಿವಾದಗಳು ಬೆಳೆದು 1924ರ ಒಪ್ಪಂದದವರೆಗೂ ನಡೆದವು. ಸಿಮೆಂಟಿನ ಬದಲು ಸುಣ್ಣ ಸುರಕಿಗಳ ಗಾರೆಯಲ್ಲಿ ಕಲ್ಲಿನ ಮೇಲೆ ಕಲ್ಲು ಕೂತು, ಕಟ್ಟೆ ಪೂರ್ಣಗೊಳ್ಳಲು ಸುಮಾರು 20 ವರ್ಷ ಹಿಡಿಯಿತು. ಮುಂದೆ ನಾಲೆಯ ನೀರು ಹರಿದು ಮಂಡ್ಯದ ಒಣನೆಲ ಕಬ್ಬು ಭತ್ತಗಳ ನಾಡಾಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನರಾದರು. 1918ರಲ್ಲಿ ಆ ಪದವಿಯನ್ನು ತ್ಯಜಿಸಿದರು. ಕಟ್ಟೆ ಪೂರ್ಣವಾದಾಗ ಅವರು ಅಧಿಕಾರದಲ್ಲಿರಲಿಲ್ಲ. ಇನ್ನೂ ದೊಡ್ಡ ತ್ಯಾಗ ಮಾಡಿದವರ ಹೆಸರುಗಳು ಯಾವ ಕಲ್ಲಿನ ಮೇಲೂ ಇಲ್ಲ. ಹಳೆಯ ಕನ್ನಂಬಾಡಿ ಸೇರಿದಂತೆ ಹಲವು ಗ್ರಾಮಗಳು ನೀರಿನಡಿ ಮುಳುಗಿದವು. ಆ ಒಕ್ಕಲುಗಳು ಹೊಲ ಮನೆ ದೇವಸ್ಥಾನಗಳನ್ನು ಬಿಟ್ಟು ಎದ್ದುಹೋದರು. ಅವರು ಬಿಟ್ಟ ನೆಲದ ಮೇಲೆ ನಿಂತ ನೀರನ್ನೇ ನಾವು ಇಂದಿಗೂ ಉಣ್ಣುತ್ತಿದ್ದೇವೆ. ಕಟ್ಟೆ 124.80 ಅಡಿ ತುಂಬಿದ ದಿನ ಬಾಗಿನ ಅರ್ಪಿಸುವಾಗ ಅವರನ್ನೂ ಒಮ್ಮೆ ನೆನೆಯುವುದು ಧರ್ಮ.

ಈ ಬಿಟ್ಟುಕೊಡುವ ಗುಣದಲ್ಲಿಯೇ ‘ಬಂಗಾರದ ಮನುಷ್ಯ’ನ ಸಾರವಿದೆ ಎಂಬುದು ನನ್ನ ಭಾವನೆ. ಕಲ್ಲು ಒಡೆದು ನೀರು ತಂದದ್ದು ಅವನ ಕಾಯಕ. ಅದು ಕಠಿಣವಾದರೂ ತೋಳ್ಬಲದಿಂದ ಸಾಧ್ಯ. ಮಡದಿ ಲಕ್ಷ್ಮಿ ಅಕಾಲದಲ್ಲಿ ತೀರಿಕೊಂಡ ಮೇಲೂ ಅಕ್ಕನ ಮಕ್ಕಳನ್ನು ಸಾಕಿ ಓದಿಸುತ್ತಾನೆ. ಹಾಗೆ ಓದಿ ದೊಡ್ಡವನಾದ ಕೇಶವನೇ, ನಮ್ಮ ಆಸ್ತಿಯನ್ನು ನೀನು ನುಂಗಿದೆ ಎಂಬ ಅರ್ಥದ ಮಾತನ್ನಾಡಿದಾಗ, ರಾಜೀವ ಲೆಕ್ಕ ಒಪ್ಪಿಸಲು ನಿಲ್ಲುವುದಿಲ್ಲ, ಪಾಲು ಕೇಳುವುದಿಲ್ಲ, ತಾನು ಬೆಳೆಸಿದ್ದನ್ನೆಲ್ಲ ಅಲ್ಲಿಯೇ ಬಿಟ್ಟು ಹೊರಟುಹೋಗುತ್ತಾನೆ. ಅದು ದಾಸೋಹ. ದುಡಿದದ್ದು ನನ್ನದಲ್ಲ ಎನ್ನುವುದು ದುಡಿಯುವುದಕ್ಕಿಂತಲೂ ಕಠಿಣ.

ಶರಣರಲ್ಲಿ ಇದಕ್ಕೆ ಉಜ್ಜ್ವಲ ನಿದರ್ಶನಗಳಿವೆ. ಒಕ್ಕಲಿಗ ಮುದ್ದಣ್ಣನವರು ಬೇಸಾಯವನ್ನೇ ಶಿವಪೂಜೆಯೆಂದು ಬಗೆದರು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ತಾಯಿ ಸಂತೋಷಪಡಲಿಲ್ಲ. ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬನ್ನಿರೆಂದು ಕಳುಹಿಸಿದರು. ಗಂಡನ ಕೈ ತಪ್ಪುವಾಗ ಹಿಡಿದು ನಿಲ್ಲಿಸಿದ ಗೃಹಿಣಿ ಆಕೆ. ಕಾಯಕ ನಿಂತರೆ ಸಂಸಾರ ಬಡವಾಗುತ್ತದೆ. ದಾಸೋಹ ನಿಂತರೆ ಸಂಸಾರ ಒಡೆಯುತ್ತದೆ.

ರಾಜೀವನ ಮೌನವೆಲ್ಲವೂ ಅನುಕರಣೀಯವೇ ಎಂಬ ಪ್ರಶ್ನೆಯೂ ಏಳುತ್ತದೆ. ಸಂಸಾರದ ಮಾನ ಕಾಯಲು ಅವನು ಒಂದು ಗುಟ್ಟನ್ನು ತನ್ನಲ್ಲಿಯೇ ಇಟ್ಟುಕೊಂಡ. ಆ ಮೌನವೇ ಅನುಮಾನಕ್ಕೆ ಎಡೆಮಾಡಿತು. ನಮ್ಮ ಮನೆಗಳಲ್ಲಿಯೂ ಅಣ್ಣತಮ್ಮಂದಿರು ಪಾರೀಕತ್ತಿನ ಕಾಗದ ಹಿಡಿದು ನ್ಯಾಯಾಲಯದ ಮೆಟ್ಟಿಲು ಹತ್ತುವುದಕ್ಕೆ ಅನೇಕ ವೇಳೆ ಕಾರಣ, ಯಾರು ಎಷ್ಟು ದುಡಿದರು, ಯಾರು ಎಷ್ಟು ತೆತ್ತರು ಎಂಬುದನ್ನು ಕೂತು ಮಾತನಾಡದಿರುವುದು. ಹಿರಿಯರು ತಮ್ಮ ಕಾಲದಲ್ಲಿಯೇ ಪಹಣಿ, ಸಾಲ, ಲೆಕ್ಕಗಳನ್ನು ಮಕ್ಕಳೆದುರು ತೆರೆದಿಡಲಿ. ಓದಿದ ಮಕ್ಕಳು ತಮ್ಮ ಓದಿಗೆ ಹಣ ಎಲ್ಲಿಂದ ಬಂತೆಂದು ಕೇಳಿ ತಿಳಿಯಲಿ. ಕೇಶವ ಆಪಾದಿಸುವ ಮೊದಲು ವಿಚಾರಿಸಿದ್ದರೆ ಸಾಕಿತ್ತು.

ಮತ್ತೊಂದು ಮಾತು, ಕನ್ಯಾಪಿತೃಗಳಿಗೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ‘ಬ್ರಹ್ಮಚಾರಿಗಳ ಪಾದಯಾತ್ರೆ’ ಹೊರಟಿದ್ದು ನೆನಪಿರಬಹುದು. ರೈತನೆಂಬ ಕಾರಣಕ್ಕೆ ಹೆಣ್ಣು ಸಿಗುತ್ತಿಲ್ಲ, ಮಾದಪ್ಪನೇ ದಾರಿ ತೋರಲಿ ಎಂಬುದು ಅವರ ಹರಕೆ. ಕೆಲವರು ನಕ್ಕರು. ನಗುವ ಸಂಗತಿ ಅದಲ್ಲ. ಕಟ್ಟೆಯ ನೀರು ಕುಡಿದ ನಾಡಿನಲ್ಲಿಯೇ ನೇಗಿಲು ಹಿಡಿದವನಿಗೆ ಮನೆ ಕಟ್ಟಿಕೊಳ್ಳುವುದು ಅಸಾಧ್ಯ ಕನಸಾಗಿದೆ. ರಾಜೀವನನ್ನು ಕಂಡು ಕಣ್ಣೀರು ಸುರಿಸುವ ನಾವೇ, ಬೀಗತನದ ಮಾತು ಬಂದಾಗ ಹುಡುಗನಿಗೆ ಬೆಂಗಳೂರಿನಲ್ಲಿ ನೌಕರಿಯುಂಟೆ ಎಂದು ಮೊದಲು ಕೇಳುತ್ತೇವೆ.

ಹೆತ್ತವರ ಅಂಜಿಕೆ ನಿರಾಧಾರವೆಂದು ಹೇಳಲಾಗದು. ಮಳೆ ಕೈಕೊಡುತ್ತದೆ, ನಾಲೆಗೆ ನೀರು ತಡವಾಗುತ್ತದೆ, ಕಬ್ಬಿನ ಹಣ ಕೈಗೆ ಬರುವಷ್ಟರಲ್ಲಿ ಬಡ್ಡಿ ಬೆಳೆದಿರುತ್ತದೆ. ಇಷ್ಟವಿಲ್ಲದ ಹೆಣ್ಣುಮಗಳನ್ನು ಒತ್ತಾಯದಿಂದ ಹೊಲಕ್ಕೆ ದೂಡಬಾರದು. ಲಕ್ಕಮ್ಮ ತಾಯಿಯಂತೆ ಅವಳ ಮಾತಿಗೂ ಮನೆಯಲ್ಲಿ ತೂಕವಿರಬೇಕು. ಆದರೆ ವಿಚಾರಿಸುವ ಕ್ರಮವನ್ನು ಬದಲಿಸಬಹುದಲ್ಲವೆ? ಹುಡುಗ ದುಡಿಯುವವನೇ, ವ್ಯಸನವಿಲ್ಲದವನೇ, ಮನೆಯ ಹೆಣ್ಣುಮಕ್ಕಳ ಮಾತಿಗೆ ಬೆಲೆ ಕೊಡುವವನೇ ಎಂದು ಮೊದಲು ಕೇಳೋಣ. ಎಷ್ಟು ಎಕರೆ, ಎಷ್ಟು ಸಂಬಳ ಎಂಬ ಮಾತು ಆಮೇಲೆ ಬರಲಿ. ಮಠಗಳಲ್ಲಿ, ಜಾತ್ರೆಗಳಲ್ಲಿ ನಡೆಯುವ ಸಾಮೂಹಿಕ ವಿವಾಹಗಳಲ್ಲಿ ಒಕ್ಕಲು ಮಕ್ಕಳ ಮದುವೆಗೆ ಮೊದಲ ಮನ್ನಣೆ ದೊರೆತರೆ ಅದೂ ದಾಸೋಹವೇ ಆದೀತು.

ಚಿತ್ರ ಮುಗಿಯುವಾಗ ರಾಜೀವ ಮನೆಯವರಿಗೆ ಸಿಗುವುದಿಲ್ಲ. ಅವರು ಸತ್ಯ ತಿಳಿದು ಹುಡುಕುವಷ್ಟರಲ್ಲಿ ಅವನು ಹೋಗಿರುತ್ತಾನೆ. ನಮ್ಮ ನಿಮ್ಮ ಮನೆಗಳಲ್ಲಿ ದುಡಿದು ಸದ್ದಿಲ್ಲದೆ ಉಳಿದಿರುವ ಅಣ್ಣನೋ, ಸೋದರಮಾವನೋ, ಅತ್ತೆಯೋ ಇದ್ದಾರೆ. ಅವರು ಇರುವಾಗಲೇ ಅವರ ಋಣವನ್ನು ಬಾಯಿಬಿಟ್ಟು ಹೇಳೋಣ. ಈ ತಿಂಗಳ ಚಿಂತನೆಗೆ ಇಷ್ಟು ಸಾಕು.

ಶರಣು ಶರಣಾರ್ಥಿ.