ಕುದುರೆಯ ಬಲಿ

‘ಉರು ಹೊಡೆದರೆ ತಪ್ಪೇನು ಸಾರ್?’ ಎಂದು ಹುಡುಗನೊಬ್ಬ ಕೇಳಿದ. ನನಗೆ ನೆನಪಾದದ್ದು 1997ರ ಮೇ 11ರ ಚದುರಂಗದಾಟ.

ನ್ಯೂಯಾರ್ಕಿನಲ್ಲಿ ಕಾಸ್ಪರೋವ್ ಎದುರು ಡೀಪ್ ಬ್ಲೂ ಕಂಪ್ಯೂಟರ್. ಐದು ಆಟಗಳಲ್ಲಿ ಸಮಬಲ, ಆರನೆಯದೇ ನಿರ್ಣಾಯಕ. ಕಪ್ಪು ಕಾಯಿಗಳ ಕಾಸ್ಪರೋವ್ ಕ್ಯಾರೋ-ಕಾನ್ ಆರಂಭ ಹಿಡಿದರು. ಏಳನೇ ನಡೆಗೆ ಒಂಟೆಯನ್ನು ಹೊರತರುವುದು ವಾಡಿಕೆ. ಅವರು ಅಂಚಿನ ಕಾಲಾಳನ್ನು ನೂಕಿ ಬಿಳಿ ಕುದುರೆಯನ್ನು ಕೆಣಕಿದರು. ಕ್ರಮ ತಪ್ಪಿತು! ಕುದುರೆ ಹಿಂದೆ ಸರಿಯದೆ ರಾಜನ ಮುಂದಿದ್ದ ಕಾಲಾಳನ್ನೇ ಹೊಡೆದು ಬಲಿಯಾಯಿತು. ರಾಜ ಕೋಟೆ ಸೇರಲಾಗದೆ ನಡುಬಯಲಲ್ಲಿ ಸಿಕ್ಕಿಬಿದ್ದ. 19 ನಡೆಗಳಲ್ಲಿ ಆಟ ಮುಗಿಯಿತು.

ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ತೂಗಬಲ್ಲ ಆ ಯಂತ್ರ ಬಲಿ ಕೊಟ್ಟದ್ದು ಲೆಕ್ಕ ಹಾಕಿಯಲ್ಲ! ತಜ್ಞರು ಅದರ ಸ್ಮರಣೆಯಲ್ಲಿ ತುಂಬಿಟ್ಟಿದ್ದ ನಡೆ ಅದು. ಹುಡುಗ ಹಿಗ್ಗಿದ. ಆಮೇಲಿನ ಲೆಕ್ಕವೆಲ್ಲ ಯಂತ್ರವೇ ಮಾಡಬೇಕಾಯಿತಪ್ಪಾ ಎಂದೆ.