ಮಕ್ಕಳಿಗೆ ಕ್ವಾರಿ ಗುಂಡಿ ಸಾಕು, ಇನ್ನು ಕೆರೆ ದಂಡಿ ಕೊಡಿ

ಹೋದ ಚಳಿಗಾಲದ ಒಂದು ಭಾನುವಾರ ಹೆಂಡತಿ, ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗನ ಜೊತೆ ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಕೆರೆಗೆ ಹೋಗಿದ್ದೆ. ಸುತ್ತಲಿನ ಕಾಡನ್ನು ಸರ್ಕಾರ 2011ರಲ್ಲಿ ವನ್ಯಜೀವಿಧಾಮ ಎಂದು ಘೋಷಿಸಿದೆ. ಸುಮಾರು 134 ಚದರ ಕಿಲೋಮೀಟರ್ ಕಾಡು. ತೇಗ ಇದೆ, ರಕ್ತಚಂದನ ಇದೆ. ಬಿಸಿಲನಾಡು ಅಂತ ಹೆಸರು ಹೊತ್ತ ನಮ್ಮ ಜಿಲ್ಲೆಯಲ್ಲೇ ಇದೆ.

ಮಕ್ಕಳು ದಂಡೆ ಹಿಡಿದು ನಡೆದರು. ಕಲ್ಲು ಆರಿಸಿದರು, ಹಕ್ಕಿ ಎಣಿಸಿದರು. ನೆರಳಲ್ಲಿ ಕೂತು ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಆಗ ಮಗಳು ಒಂದು ಮಾತು ಹೇಳಿದಳು: "ಅಪ್ಪಾ, ಈ ನೀರಿಗಿ ದಂಡಿ ಅದ."

ನನಗೆ ತುತ್ತು ಇಳಿಯಲಿಲ್ಲ. ಯಾಕೆಂದರೆ ಅವಳು ಇದುವರೆಗೆ ಹತ್ತಿರದಿಂದ ನೋಡಿದ್ದು ಕ್ವಾರಿ ನೀರು ಮಾತ್ರ.

ಶಹಾಬಾದ್, ವಾಡಿ, ಚಿತ್ತಾಪುರದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫರಸಿ ಕಲ್ಲು ತೆಗೆದು ಬಿಟ್ಟ ಗುಂಡಿಗಳಲ್ಲಿ ಮಳೆ ನೀರು ನಿಲ್ಲುತ್ತದೆ. ಕೆರೆಯಲ್ಲಿ ಮೊದಲು ಪಾದ ಮುಳುಗುತ್ತದೆ, ಆಮೇಲೆ ಮೊಣಕಾಲು, ಆಮೇಲೆ ಸೊಂಟ. ಹೆದರಿದ ಮಗು ತಿರುಗಿ ಬರಬಹುದು. ಕ್ವಾರಿಯಲ್ಲಿ ಹಾಗಿಲ್ಲ. ಕಲ್ಲನ್ನು ನೆಟ್ಟಗೆ ಕಡಿದಿರುತ್ತಾರೆ, ಒಂದು ಹೆಜ್ಜೆ ತಪ್ಪಿದರೆ ಆಳ. ಹತ್ತಲು ಹಿಡಿತ ಸಿಗುವುದಿಲ್ಲ. ಈಜಲು ಹೋಗಿ ಸತ್ತ ಮಕ್ಕಳ ಸುದ್ದಿಯನ್ನು ನಾನೇ ಬರೆದು ಕಳಿಸಿದ್ದೇನೆ. ಪತ್ರಿಕೆಯಲ್ಲಿ ನಾಲ್ಕು ಸಾಲು ಬರುತ್ತದೆ. ಕೊನೆಗೆ "ಪ್ರಕರಣ ದಾಖಲಾಗಿದೆ" ಅಂತ ಇರುತ್ತದೆ. ಅಲ್ಲಿಗೆ ಮುಗಿಯಿತು.

"ತಂದೆ ತಾಯಿ ಲಕ್ಷ್ಯ ಕೊಡಬೇಕಿತ್ತು" ಅನ್ನುವವರು ಇದ್ದಾರೆ. ಅವರಿಗೆ ಒಂದು ಪ್ರಶ್ನೆ. ಮೇ ತಿಂಗಳು, ಬಿಸಿಲು 43 ಡಿಗ್ರಿ ದಾಟಿದೆ, ಕರೆಂಟ್ ಇಲ್ಲ, ತಗಡಿನ ಮನೆ, ಅಪ್ಪ ಅವ್ವ ಇಬ್ಬರೂ ಕೂಲಿಗೆ ಹೋಗಿದ್ದಾರೆ. ಹತ್ತು ವರ್ಷದ ಹುಡುಗ ನೀರಿಗೆ ಹೋಗದೆ ಎಲ್ಲಿಗೆ ಹೋಗಬೇಕು? ಹುಡುಗರು ನೀರು ಹುಡುಕಿಯೇ ಹುಡುಕುತ್ತಾರೆ. ಯಾವ ನೀರು ಸಿಗಬೇಕು ಅನ್ನುವುದು ದೊಡ್ಡವರ ಕೈಯಲ್ಲಿದೆ.

"ಕುಡಿಯಲು ನೀರಿಲ್ಲ, ಪಾರ್ಕ್ ಯಾಕೆ?" ಅನ್ನುವವರೂ ಇದ್ದಾರೆ. ಮಾತಿನಲ್ಲಿ ಸತ್ಯವಿದೆ. ಆದರೆ ಕೆರೆ ಉಳಿದರೆ ಬಾವಿ, ಬೋರ್‌ವೆಲ್ ಉಳಿಯುತ್ತವೆ. ಜನ ದಿನಾ ನಡೆದಾಡುವ ದಂಡೆಯನ್ನು ಒತ್ತುವರಿ ಮಾಡುವುದು ಅಷ್ಟು ಸುಲಭವಲ್ಲ. ಎರಡೂ ಒಂದೇ ಕೆಲಸ.

ಚಂದ್ರಂಪಳ್ಳಿ ಇದೆಯಲ್ಲ ಅನ್ನಬಹುದು. ಇದೆ, ಸಂತೋಷ. ಆದರೆ ನಾವು ಚಿತ್ತಾಪುರದಿಂದ ಸೇಡಂ, ಸೇಡಂನಿಂದ ಚಿಂಚೋಳಿ, ಅಲ್ಲಿಂದ ಆಟೋ ಹಿಡಿದು ಹೋದೆವು. ಬೆಳಿಗ್ಗೆ ಆರಕ್ಕೆ ಬಿಟ್ಟವರು ಮುಟ್ಟಿದ್ದು ಹನ್ನೊಂದಕ್ಕೆ. ಆಟೋ ಬಾಡಿಗೆಯೇ ಒಬ್ಬ ಕಲ್ಲು ಕೂಲಿಯ ದಿನದ ಗಳಿಕೆಗಿಂತ ಜಾಸ್ತಿ. ವರ್ಷಕ್ಕೊಮ್ಮೆ ನೋಡುವ ಕೆರೆಯಿಂದ ಊರಿನ ಹುಡುಗ ಬದುಕುವುದಿಲ್ಲ.

ದುಡ್ಡಿಲ್ಲ ಅನ್ನುವ ಮಾತು ಬೇಡ. 2015ರಲ್ಲಿ ಗಣಿ ಕಾನೂನು ತಿದ್ದಿ ಜಿಲ್ಲಾ ಖನಿಜ ಪ್ರತಿಷ್ಠಾನ ಮಾಡಿದ್ದೇ ಗಣಿಯಿಂದ ತೊಂದರೆಗೆ ಒಳಗಾದ ಊರುಗಳಿಗಾಗಿ. ಕುಡಿಯುವ ನೀರು, ಪರಿಸರ, ಮಕ್ಕಳ ಕಲ್ಯಾಣ ಅದರ ಆದ್ಯತೆಯ ಪಟ್ಟಿಯಲ್ಲೇ ಇವೆ. 2022ರಲ್ಲಿ ಬಂದ ಅಮೃತ ಸರೋವರ ಯೋಜನೆ ಜಿಲ್ಲೆಗೆ 75 ಕೆರೆ ಎಂದಿತು, ಒಂದೊಂದೂ ಕನಿಷ್ಠ ಒಂದು ಎಕರೆ, ಸುತ್ತ ಬೇವು, ಅರಳಿ, ಆಲ. ನಮ್ಮ ನೆಲದ ಸುಣ್ಣದ ಕಲ್ಲು ಸಿಮೆಂಟಾಗಿ ಊರೂರಿಗೆ ಹೋಯಿತು, ಫರಸಿ ಊರೂರಿನ ಅಂಗಳಕ್ಕೆ ಹೋಯಿತು. ನಮಗೆ ಉಳಿದಿದ್ದು ದೂಳು ಮತ್ತು ಗುಂಡಿ. ಗುಂಡಿಗೆ ಬೇಲಿ ಕೇಳುವುದು ಭಿಕ್ಷೆ ಅಲ್ಲ.

ನಮಗೆ ಗಾಜಿನ ಸೇತುವೆ ಬೇಡ. ಸಿಮೆಂಟಿನ ಜಿಂಕೆ, ಬಣ್ಣದ ಕಾರಂಜಿ, ಟಿಕೆಟ್ ಕೌಂಟರ್ ಬೇಡ. ಊರಿಗೆ ಹತ್ತಿರದ ಒಂದು ಕೆರೆ, ಅದರ ಸುತ್ತ ಮಣ್ಣಿನ ದಾರಿ, ಬೇವಿನ ನೆರಳು, ಬಾಗಿಲು ಇರುವ ಶೌಚಾಲಯ, ಬೇಸಿಗೆಯಲ್ಲಿ ಈಜು ಬಲ್ಲ ಒಬ್ಬ ಕಾವಲುಗಾರ. ಕೆಲಸ ನಿಂತ ಪ್ರತಿ ಕ್ವಾರಿಗೆ ಬೇಲಿ. ಇಷ್ಟು ಸಾಕು.

ಮುಂದಿನ ಗ್ರಾಮಸಭೆಗೆ ಹೋಗಿ. ನಿಮ್ಮ ಊರಿನ ಸುತ್ತ ನೀರು ನಿಂತ ಗುಂಡಿ ಎಷ್ಟಿವೆ ಅಂತ ಎಣಿಸಿ, ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಎದ್ದು ಬನ್ನಿ. ಬಾಯಿಮಾತಿಗೆ ಒಪ್ಪಬೇಡಿ. ಮಳೆಗಾಲಕ್ಕೆ ಮುಂಚೆ ಈ ಕೆಲಸ ಆಗಬೇಕು. ಮಳೆ ಬಂದರೆ ಗುಂಡಿ ತುಂಬುತ್ತದೆ, ಆಮೇಲೆ ನನ್ನ ಫೋನ್ ಬಡಿಯುತ್ತದೆ. ಆ ನಾಲ್ಕು ಸಾಲು ಮತ್ತೆ ಬರೆಯಲು ನನಗೆ ಮನಸ್ಸಿಲ್ಲ.