ಅರಿಶಿನದ ಹಾಲು ಸಾಕಾ?

"ಅಕ್ಕಾ, ನಮ್ಮನೆಯವರು ಬ್ಯಾಟರಿ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡ್ತಾರೆ. ಮಗೂಗೆ ಎರಡು ವರ್ಷ. ಮೈಯಲ್ಲಿರೋ ಸೀಸ ಅರಿಶಿನದ ಹಾಲಿಗೆ ಹೋಗುತ್ತಂತೆ, ವಾಟ್ಸಾಪ್‌ನಲ್ಲಿ ಬಂದಿತ್ತು. ಕುಡಿಸಿದ್ರೆ ಸಾಕಾ?" ಅಂತ ಓದುಗರೊಬ್ಬರು ಬರೆದಿದ್ದಾರೆ.

ಸಾಕಾಗಲ್ಲ ತಂಗಿ. ಆ ಸಂದೇಶ ಪೂರ್ತಿ ಸುಳ್ಳಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಅದರಲ್ಲಿ ಒಂದು ಚೂರು ನಿಜ ಇದೆ, ತೊಂದರೆ ಅದೇ.

ಸೀಸ ನಮ್ಮ ಮೈಯಲ್ಲಿ ಕ್ಯಾಲ್ಸಿಯಂ ವೇಷ ಹಾಕುತ್ತದೆ. ನರದಿಂದ ನರಕ್ಕೆ ಸಂದೇಶ ದಾಟಲು ಕ್ಯಾಲ್ಸಿಯಂ ಬೇಕು. ಅದರ ಜಾಗದಲ್ಲಿ ಸೀಸ ಹೋಗಿ ಕೂತರೆ ಎಲ್ಲಾ ಏರುಪೇರು. ಇನ್ನೂ ಬೆಳೆಯುತ್ತಿರುವ ಮಿದುಳಿಗಂತೂ ಪೆಟ್ಟು ಜಾಸ್ತಿ. ರಕ್ತದಲ್ಲಿ ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಅರಿಶಿನದ ಕರ್ಕ್ಯುಮಿನ್, ಈರುಳ್ಳಿಯ ಕ್ವೆರ್ಸೆಟಿನ್ ಇವನ್ನೆಲ್ಲ ಸೀಸ ಕೊಟ್ಟ ಇಲಿಗಳ ಮೇಲೆ ಪ್ರಯೋಗ ಮಾಡಿದ್ದಾರೆ. ಮಿದುಳಿನ ಹಾನಿ ಕಡಿಮೆಯಾದದ್ದೂ ಕಂಡಿದೆ. ಆದರೆ ಅಲ್ಲಿ ಕೊಟ್ಟದ್ದು ಅಳತೆ ಮಾಡಿದ ಸಾರ. ನಾವು ಹಾಲಿಗೆ ಹಾಕೋದು ಒಂದು ಚಿಟಿಕೆ ಪುಡಿ. ಅದರಲ್ಲಿ ಕರ್ಕ್ಯುಮಿನ್ ಇರೋದೇ ಸ್ವಲ್ಪ, ರಕ್ತಕ್ಕೆ ಸೇರೋದು ಇನ್ನೂ ಸ್ವಲ್ಪ.

ಹಾಗಾಗಿ ಮೊದಲು ಸೀಸ ಮನೆಗೆ ಬರುವ ದಾರಿ ಮುಚ್ಚಿ. ನಿಮ್ಮ ಯಜಮಾನರು ಅಂಗಡಿಯಲ್ಲೇ ಕೈಕಾಲು ತೊಳೆದು, ಬಟ್ಟೆ ಬದಲಾಯಿಸಿ ಬರಲಿ. ಕೆಲಸದ ಬಟ್ಟೆ ಮಗುವಿನ ಬಟ್ಟೆ ಜೊತೆ ನೆನೆಹಾಕಬೇಡಿ. ಸ್ನಾನ ಆಗೋವರೆಗೆ ಮಗೂನ ಎತ್ತಿಕೊಳ್ಳೋದು ಬೇಡ (ಇದು ಕಷ್ಟ, ಗೊತ್ತು). ಮಕ್ಕಳ ಡಾಕ್ಟರ ಹತ್ತಿರ ಹೋಗಿ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ. ಜಾಸ್ತಿ ಇದ್ದರೆ ಅದಕ್ಕೆ ಬೇರೆ ಔಷಧಿ ಇದೆ, ಅದನ್ನು ಅವರೇ ಕೊಡಬೇಕು. ಕಬ್ಬಿಣ, ಕ್ಯಾಲ್ಸಿಯಂ ಕಮ್ಮಿ ಇರುವ ಮಕ್ಕಳ ಮೈ ಸೀಸವನ್ನು ಹೆಚ್ಚು ಹೀರುತ್ತದೆ. ರಾಗಿ ಸರಿ, ಸೊಪ್ಪು, ಬೇಳೆ ತಪ್ಪಿಸಬೇಡಿ. ನನ್ನ ಕೇಳಿದರೆ ಅರಿಶಿನಕ್ಕಿಂತ ಇವೇ ಮೇಲು.

ಇನ್ನೊಂದು ವಿಷಯ. ಅರಿಶಿನದಲ್ಲೇ ಸೀಸ ಇರಬಹುದು! ಬಣ್ಣ ಹೊಳೆಯಲಿ ಅಂತ ಕೆಲವರು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣ ಬಳಿಯುತ್ತಾರೆ. ಬಾಂಗ್ಲಾದೇಶದ ಮಾರುಕಟ್ಟೆಗಳಲ್ಲಿ 2019ರಲ್ಲಿ ಪರೀಕ್ಷಿಸಿದ ಅರಿಶಿನದ ಮಾದರಿಗಳಲ್ಲಿ ಶೇ. 47ರಲ್ಲಿ ಸೀಸ ಸಿಕ್ಕಿತ್ತು. ಸರ್ಕಾರ ದಂಡ ಹಾಕಿ, ಜನರಿಗೂ ತಿಳಿಹೇಳಿದ ಮೇಲೆ 2021ರ ಹೊತ್ತಿಗೆ ಅದು ಸೊನ್ನೆಗೆ ಇಳಿಯಿತು. ಈ ಬಣ್ಣದ ಕಲಬೆರಕೆ ನಮ್ಮ ದೇಶದಲ್ಲೂ ಸಿಕ್ಕಿದೆ. ನಮ್ಮ ಚಾಮರಾಜನಗರದ ಕಡೆ ಅರಿಶಿನ ಚೆನ್ನಾಗಿ ಬೆಳೀತಾರೆ. ಸಾಧ್ಯವಾದರೆ ಗೊತ್ತಿರೋ ರೈತರಿಂದ, ಪಾಲಿಶ್ ಮಾಡದ, ಮಂಕಾಗಿ ಮಣ್ಣುಬಣ್ಣಕ್ಕಿರುವ ಕೊಂಬನ್ನೇ ತಗೊಂಡು, ತೊಳೆದು ಒಣಗಿಸಿ ಪುಡಿ ಮಾಡಿಸಿಕೊಳ್ಳಿ. ಥಳಥಳ ಹೊಳೆಯೋದನ್ನ ಅಂಗಡಿಯಲ್ಲೇ ಬಿಟ್ಟು ಬನ್ನಿ.